ಫೌಜೂ ಇರಬೇಕು, ಸೀನರಿಯೂ ಇರಬೇಕು

ನಮ್ಮ ಮನೆಯಲ್ಲಿ ಮೊದಲೇ ಒಬ್ಬರು ಗಾರ್ಡ್ ಇದ್ದರು. ನಿವೃತ್ತಿಯಾದ ಮೇಲೆ ನಾನು ಗೈಡ್ ಆದೆ. ನನ್ನ ಗಂಡ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕೂತು, ಹಿಂದೆ ಸರಿದುಹೋಗುವ ಊರುಗಳನ್ನು ನೋಡುತ್ತ ಹಸಿರು ಬಾವುಟ ಆಡಿಸಿದವರು. ನಾನು ಹೈದರಾಬಾದಿನ ಒಂದು ಶಾಲೆಯಲ್ಲಿ ಇತಿಹಾಸ ಕಲಿಸಿದವಳು. ಅಂದರೆ ಇಬ್ಬರೂ ಹಿಂದಕ್ಕೆ ನೋಡುವುದಕ್ಕೇ ಸಂಬಳ ಪಡೆದವರು. ಇಬ್ಬರ ನೌಕರಿಯೂ ಮುಗಿದು ಮಲ್ಕಾಜ್‌ಗಿರಿಯ ಮನೆಯ ಪಡಸಾಲೆಯಲ್ಲಿ ಎದುರುಬದುರು ಕೂತಾಗ, ನೋಡುವುದಕ್ಕೆ ಒಬ್ಬರಿಗೊಬ್ಬರ ಮುಖ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅದು ಬಹಳ ದಿನ ನಡೆಯುವ ಮಾತಲ್ಲ ಎಂಬುದು ಇಬ್ಬರಿಗೂ ಬೇಗ ಅರ್ಥವಾಯಿತು, ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಗೈಡ್ ಕೆಲಸ ನಾನು ಹುಡುಕಿಕೊಂಡು ಹೋದದ್ದಲ್ಲ. ಒಂದು ದಿನ ಗಂಡನ ಬಿಪಿ ಮಾತ್ರೆ ತರಲು ಕೋಠಿಗೆ ಹೋಗಿದ್ದೆ. ಔಷಧದ ಅಂಗಡಿಗೂ ಹಳೇ ಪುಸ್ತಕದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಒಂದು ಟ್ರಾವೆಲ್ಸ್ ಆಫೀಸಿತ್ತು. ಅದರ ಮುಂದೆ ಕಲಬುರಗಿ ಕಡೆಯ ಒಂದು ಕುಟುಂಬ ನಿಂತು, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಕನ್ನಡದಲ್ಲಿ ಕೇಳುತ್ತಿತ್ತು. ಒಳಗಿನವರು ತೆಲುಗಿನಲ್ಲಿ ಉತ್ತರ ಹೇಳುತ್ತಿದ್ದರು. ಇಬ್ಬರೂ ದನಿ ಏರಿಸಿದರೆ ಭಾಷೆ ತಿಳಿದೀತೆಂದು ನಂಬಿದ್ದರು. ನಾನು ನಡುವೆ ನಿಂತು ಆ ಮಾತು ಈ ಕಡೆ, ಈ ಮಾತು ಆ ಕಡೆ ದಾಟಿಸಿದೆ. ಟ್ರಾವೆಲ್ಸ್ ಮಾಲೀಕರು ಹೊರಗೆ ಬಂದರು. ಬಿಳಿ ಅಂಗಿ, ಎರಡು ಫೋನು, ಎರಡರಲ್ಲೂ ಒಮ್ಮೆಗೇ ಮಾತಾಡುವ ಶಕ್ತಿ. ನಾನು ಇತಿಹಾಸದ ಟೀಚರಾಗಿದ್ದೆ ಎಂದು ತಿಳಿದ ಕೂಡಲೇ ಒಳಗೆ ಕೂರಿಸಿ ಚಹಾ ತರಿಸಿದರು.

ಅವರ ತಲೆಯಲ್ಲಿ ಒಂದು ಹೊಸ ಯೋಜನೆ ಇತ್ತು. ಊರಿನ ಹಳೆಯ ಸೈನ್ಯದ ಜಾಗಗಳನ್ನೂ ನಿಸರ್ಗದ ಚೆಂದದ ಜಾಗಗಳನ್ನೂ ಒಂದೇ ದಿನದಲ್ಲಿ ಸೇರಿಸಿ ತೋರಿಸುವುದು. ಹೈದರಾಬಾದಿ ಹಿಂದಿಯಲ್ಲಿ ವಿವರಿಸಿದರು:

"ಮೇಡಂ, ಖಾಲಿ ಫೌಜ್ ಬತಾಯೇ ತೋ ಬಚ್ಚೇ ಸೋ ಜಾತೇ. ಖಾಲಿ ಸೀನರಿ ಬತಾಯೇ ತೋ ಬುಡ್ಢೇ ಸೋ ಜಾತೇ. ದೋನೋ ಹೋನಾ!"

ಫೌಜನ್ನಷ್ಟೇ ತೋರಿಸಿದರೆ ಮಕ್ಕಳು ನಿದ್ದೆ ಮಾಡುತ್ತವೆ, ಸೀನರಿಯನ್ನಷ್ಟೇ ತೋರಿಸಿದರೆ ಮುದುಕರು ನಿದ್ದೆ ಮಾಡುತ್ತಾರೆ, ಆದ್ದರಿಂದ ಎರಡೂ ಬೇಕು. ಮೂವತ್ತು ವರ್ಷ ತರಗತಿಯಲ್ಲಿ ಯಾರು ಯಾವಾಗ ನಿದ್ದೆ ಮಾಡುತ್ತಾರೆ ಎಂಬುದನ್ನು ನೋಡಿದ ನನಗೆ ಈ ಮನುಷ್ಯನ ಶಿಕ್ಷಣ ತತ್ವದಲ್ಲಿ ತಪ್ಪು ಕಾಣಲಿಲ್ಲ. ವಾರಕ್ಕೊಂದು ದಿನ ಕನ್ನಡದವರ ಬಸ್ಸಿಗೆ ನಾನು ಗೈಡ್ ಎಂದು ಠರಾವಾಯಿತು. ಮನೆಗೆ ಬಂದು ಹೇಳಿದಾಗ ಗಂಡ ಪೇಪರಿನಿಂದ ತಲೆಯೆತ್ತದೆ, "ಹೋಗಿ ಬಾ. ನಿನಗೂ ಮಾತಾಡಾಕ ಯಾರಾದ್ರೂ ಬೇಕಲ್ಲ," ಅಂದರು. ಆ ಮಾತಿನಲ್ಲಿದ್ದ ನೆಮ್ಮದಿಯನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

ನಮ್ಮ ಪ್ರವಾಸದ ದಾರಿ ಹೀಗಿತ್ತು. ಮೊದಲು ಊರಿನ ಪೂರ್ವಕ್ಕಿರುವ ಒಂದು ದಿಬ್ಬ. ನಿಜಾಮರ ಸೈನ್ಯವನ್ನು ನಡೆಸಿದ ಒಬ್ಬ ಪರದೇಶಿ ದಂಡನಾಯಕನ ಸಮಾಧಿ ಅಲ್ಲಿದೆ. ಅದು ಫೌಜು. ದಿಬ್ಬದ ಮೇಲಿಂದ ಕಾಣುವ ನೋಟ ಸೀನರಿ. ಒಂದು ಕಾಲಕ್ಕೆ ಅಲ್ಲಿಂದ ಮೂಸಿ ನದಿಯೂ ತೋಟಗಳೂ ಕಾಣುತ್ತಿದ್ದವಂತೆ. ಈಗ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕುಗಳು ಕಾಣುತ್ತವೆ. ಆಮೇಲೆ ಸಿಕಂದರಾಬಾದಿನ ದಂಡಿನ ಪ್ರದೇಶ. ಅಲ್ಲಿ ಬ್ರಿಟಿಷರ ಕಾಲದ ಕಲ್ಲಿನ ಕಟ್ಟಡಗಳಿವೆ, ಆದರೆ ಒಳಗೆ ಹೋಗುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಬಸ್ಸು ನಿಲ್ಲಿಸುವಂತೆಯೂ ಇಲ್ಲ. ಬಸ್ಸು ನಿಧಾನವಾಗಿ ಹೋಗುತ್ತಿರುವಾಗ ನಾನು ಉದ್ದನೆಯ ಗೋಡೆಯೊಂದನ್ನು ತೋರಿಸಿ, ಗೋಡೆಯ ಆಚೆ ಏನಿದೆ ಎಂದು ವರ್ಣಿಸಬೇಕು. ಮಧ್ಯಾಹ್ನ ಗೋಲ್ಕೊಂಡ. ಕೊನೆಗೆ ಗಂಡಿಪೇಟೆಯ ಕೆರೆಯ ಮೇಲೆ ಸೂರ್ಯಾಸ್ತ. ಸೂರ್ಯಾಸ್ತಕ್ಕೆ ಗೈಡಿನ ಅಗತ್ಯ ಇಲ್ಲವೆಂದು ನಾನು ಹೇಳಿದರೆ ಮಾಲೀಕರು ಒಪ್ಪಲಿಲ್ಲ. ಅಲ್ಲಿಯೂ ಏನಾದರೂ ಹೇಳಬೇಕಂತೆ.

ನಾನು ಹೇಳಲಿಕ್ಕೆ ಹೊರಟ ಪ್ರಸಂಗ ನಡೆದದ್ದು ಒಂದು ಚಳಿಗಾಲದ ದಿನ. ಬಸ್ಸು ಕೋಠಿ ಬಿಟ್ಟು ಇನ್ನೂ ಚಾದರಘಾಟ್ ದಾಟಿರಲಿಲ್ಲ, ಮಾಲೀಕರ ಫೋನು ಬಂತು.

"ಮೇಡಂ! ಅಸಲೀ ಫೌಜಿ ಬೈಠೇ ಆಪ್ ಕೀ ಬಸ್ ಮೇ! ಉನ್ಕೋ ಮೈಕ್ ದೇವ್!"

ನಿಜವಾದ ಸೈನಿಕರೊಬ್ಬರು ನನ್ನ ಬಸ್ಸಿನಲ್ಲೇ ಕೂತಿದ್ದಾರೆ, ಅವರ ಕೈಗೆ ಮೈಕ್ ಕೊಡಬೇಕು ಎಂಬುದು ಅಪ್ಪಣೆ. ತಿರುಗಿ ನೋಡಿದೆ. ಮೂರನೇ ಸಾಲಿನಲ್ಲಿ ಒಬ್ಬ ಹಿರಿಯರು ಬೆನ್ನು ಸೀಟಿಗೆ ತಾಗಿಸದೆ ನೆಟ್ಟಗೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತರಿಸಿ ಸಮ ಮಾಡಿದ ಬಿಳಿ ಮೀಸೆ, ಮುಖ ಕಾಣುವಂತೆ ಪಾಲಿಶ್ ಮಾಡಿದ ಬೂಟು. ಪಕ್ಕದಲ್ಲಿ ಅವರ ಹೆಂಡತಿ, ಇಳಕಲ್ ಸೀರೆ, ತೊಡೆಯ ಮೇಲೆ ಉಬ್ಬಿದ ಬಟ್ಟೆಯ ಚೀಲ. ವಿಜಯಪುರ ಜಿಲ್ಲೆಯವರು. ಅವರು ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾಗಿ, ಆಮೇಲೆ ಊರಿನ ಬ್ಯಾಂಕೊಂದರ ಬಾಗಿಲು ಕಾದು, ಈಗ ಅದನ್ನೂ ಬಿಟ್ಟು ಹೊಲ ನೋಡಿಕೊಂಡಿದ್ದರು. ಇದೆಲ್ಲ ಹೇಳಿದ್ದು ಹೆಂಡತಿ. ಹವಾಲ್ದಾರರು ಕಿಟಕಿಯ ಹೊರಗೆ ನೋಡುತ್ತಿದ್ದರು.

ದಂಡನಾಯಕನ ದಿಬ್ಬದ ಮೇಲೆ ಎಲ್ಲರನ್ನೂ ನಿಲ್ಲಿಸಿ, "ನಮ್ಮ ನಡುವೆ ದೇಶವನ್ನು ಕಾಯ್ದ ಯೋಧರೊಬ್ಬರು ಇದ್ದಾರೆ," ಎಂದು ಘೋಷಿಸಿದೆ. ಜನ ಚಪ್ಪಾಳೆ ತಟ್ಟಿದರು. ಹವಾಲ್ದಾರರು ಎರಡು ಹೆಜ್ಜೆ ಮುಂದೆ ಬಂದು ಅಟೆನ್ಶನ್‌ನಲ್ಲಿ ನಿಂತು ಮೈಕ್ ತೆಗೆದುಕೊಂಡರು.

"ನಮಸ್ಕಾರ್ರೀ," ಅಂದರು. ಮೈಕ್ ವಾಪಸ್ ಕೊಟ್ಟು ಎರಡು ಹೆಜ್ಜೆ ಹಿಂದಕ್ಕೆ ಹೋದರು.

ನನಗೆ ಸ್ವಲ್ಪ ನಿರಾಶೆಯಾಯಿತು. ಆದರೆ ಬಸ್ಸಿನಲ್ಲಿ ನಿರಾಶರಾಗುವುದಕ್ಕೆ ಒಪ್ಪದ ಒಬ್ಬರಿದ್ದರು. ಕಲಬುರಗಿಯ ತೊಗರಿ ವ್ಯಾಪಾರಿ, ದಪ್ಪ ಶರೀರ, ದೊಡ್ಡ ದನಿ, ಪ್ರತಿ ಜಾಗದಲ್ಲೂ ಫೋನನ್ನು ಮುಂದೆ ಹಿಡಿದು ವಿಡಿಯೋ ಮಾಡುವವರು. ದಂಡಿನ ಪ್ರದೇಶದಲ್ಲಿ ಫೋನನ್ನು ಜೇಬಿಗೆ ಹಾಕಬೇಕಾಗಿ ಬಂದದ್ದರಿಂದ ಅವರ ಕೈಗೂ ಬಾಯಿಗೂ ಬಿಡುವು ಸಿಕ್ಕಿತ್ತು. ನಾನು ಗೋಡೆಯನ್ನು ವರ್ಣಿಸುತ್ತಿದ್ದ ಹಾಗೆಯೇ ಅವರು ಹಿಂದಿನ ಸೀಟಿನಿಂದ ಎದ್ದು ಬಂದರು.

"ಹವಾಲ್ದಾರ ಸಾಹೇಬ್ರ, ಎಲ್ಲೆಲ್ಲಿ ಲಡಾಯಿ ಮಾಡೀರಿ? ಒಂದೀಟು ಹೇಳ್ರೆಲ್ಲ."

"ಲಡಾಯಿ ಏನಿಲ್ರಿ. ನಾ ಖಚ್ಚರ್ ಕಂಪನಿಯಾಗ ಇದ್ದೆ."

"ಖಚ್ಚರ್ ಅಂದ್ರ?"

"ಹೇಸರಗತ್ತಿರಿ."

ಹವಾಲ್ದಾರರು ನಿಧಾನವಾಗಿ ವಿವರಿಸಿದರು. ಕಾಶ್ಮೀರದ ಮೇಲ್ಭಾಗದಲ್ಲಿ ರಸ್ತೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನ ಠಾಣ್ಯಗಳಿಗೆ ಅಕ್ಕಿ, ಹಿಟ್ಟು, ಸೀಮೆಎಣ್ಣೆ, ಗುಂಡು ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆ ಹೋಗಬೇಕು. ಅವುಗಳ ಜತೆ ನಡೆಯುವುದು ಅವರ ಕೆಲಸ. ಇಡೀ ನೌಕರಿ ಅದೇ.

ವ್ಯಾಪಾರಿಗಳು ಬಿಡಲಿಲ್ಲ. "ಹಂಗಾದ್ರ ಹಿಮಾ ನೋಡೀರಿ! ಹೆಂಗಿರ್ತೈತ್ರಿ?"

"ತಣ್ಣಗ ಇರ್ತೈತ್ರಿ."

ಎಲ್ಲರೂ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾರ, ಇವರನ್ನೇನು ಕೇಳ್ತೀರಿ? ನಾ ಮದಿವಿ ಆದಾಗಿಂದ ಕೇಳಾಕತ್ತೀನಿ. ಊರಿಗೆ ರಜಾ ಬಂದಾಗೊಮ್ಮೆ, ಕಾಶ್ಮೀರ ಹೆಂಗೈತಿ, ಅಲ್ಲಿ ಗುಡ್ಡ ಹೆಂಗದಾವು, ಹೊಳಿ ಹೆಂಗೈತಿ ಅಂತ. ಒಂದಾ ಉತ್ತರ. ಖಚ್ಚರ್ ಕಾಲು ಬಿಟ್ಟು ಮತ್ತೇನೂ ನೋಡಿಲ್ಲ ಅಂತ. ಕರ್ಕೊಂಡು ಹೋಗ್ರಿ ಅಂದ್ರ, ಅಲ್ಲೇನೈತಿ ನೋಡಾಕ ಅಂತಾರ. ಕಡೀಕ ಇಲ್ಲಿ ಕರ್ಕೊಂಡು ಬಂದಾರ," ಅಂದರು. "ಇಲ್ಲಿ" ಎನ್ನುವಾಗ ಅವರು ಕಿಟಕಿಯಾಚೆಯ ಗೋಡೆಯ ಕಡೆ ಕೈ ಮಾಡಿದ ರೀತಿಯಿಂದ, ನಮ್ಮ ಪ್ರವಾಸದ ಬಗ್ಗೆ ಅವರ ಅಭಿಪ್ರಾಯ ಏನೆಂದು ತಿಳಿಯಿತು.

"ಖರೇನ ಹೇಳಾಕತ್ತೀನ್ರಿ," ಎಂದರು ಹವಾಲ್ದಾರರು, ತಪ್ಪಿತಸ್ಥರಂತೆ. "ಹಾದಿ ಇಷ್ಟಾ ಇಷ್ಟು ಇರ್ತಿತ್ತು. ಖಚ್ಚರ್ ಕಾಲು ಜಾರಿದ್ರ ಅದೂ ಹೋತು, ಮ್ಯಾಲಿನ ಎಣ್ಣಿ ಡಬ್ಬಿನೂ ಹೋತು, ಹಗ್ಗ ಹಿಡದ ನಾನೂ ಹೋದೆ. ತಲಿ ಎತ್ತಿ ಗುಡ್ಡ ನೋಡಾಕ ಪುರಸತ್ತು ಎಲ್ಲಿತ್ರಿ?"

ದೇಶದ ಜನ ಯಾವ ಜಾಗ ನೋಡಲಿಕ್ಕೆ ವರ್ಷಗಟ್ಟಲೆ ಹಣ ಕೂಡಿಡುತ್ತಾರೋ, ಆ ಜಾಗದಲ್ಲಿ ಸರಕಾರದ ಖರ್ಚಿನಲ್ಲಿ ಅರ್ಧ ಆಯುಷ್ಯ ಕಳೆದು, ಗೊರಸುಗಳನ್ನು ನೋಡಿಕೊಂಡು ಬಂದ ಮನುಷ್ಯ ಇವರು. ಫೌಜನ್ನೂ ಸೀನರಿಯನ್ನೂ ಒಟ್ಟಿಗೆ ಕಂಡವರು ನಮ್ಮ ಬಸ್ಸಿನಲ್ಲಿ ಇವರೊಬ್ಬರೇ, ಮತ್ತು ಎರಡರ ಬಗ್ಗೆಯೂ ಹೇಳುವುದಕ್ಕೆ ಇವರ ಬಳಿ ಏನೂ ಇರಲಿಲ್ಲ. ಮಾಲೀಕರಿಗೆ ಫೋನಿನಲ್ಲಿ ಸುದ್ದಿ ತಿಳಿಸಿದೆ. ಅವರು, "ಖಚ್ಚರ್ ಭೀ ಠೀಕ್ ಹೈ. ಥೋಡಾ ಲಡಾಯಿ ಮಿಲಾಕೇ ಬೋಲ್ನೇ ಬೋಲೋ," ಎಂದರು. ಹೇಸರಗತ್ತೆಯೂ ಆದೀತು, ಸ್ವಲ್ಪ ಯುದ್ಧ ಬೆರೆಸಿ ಹೇಳಲು ಹೇಳಿ ಎಂದರ್ಥ. ನಾನು ಆ ಮಾತನ್ನು ಹವಾಲ್ದಾರರಿಗೆ ದಾಟಿಸಲಿಲ್ಲ.

ಗೋಲ್ಕೊಂಡಕ್ಕೆ ಬಂದಾಗ ಊಟದ ಹೊತ್ತು ಮೀರಿತ್ತು. ಬಾಗಿಲಿನ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳುತ್ತದೆ ಎಂಬುದನ್ನು ಎಲ್ಲ ಗೈಡುಗಳೂ ಮೊದಲು ತೋರಿಸುತ್ತಾರೆ. ಶತ್ರು ಬಂದರೆ ಮೇಲಿನವರಿಗೆ ತಿಳಿಸುವ ಉಪಾಯ. ಈಗ ಅಲ್ಲಿ ಸದಾ ಎಲ್ಲರೂ ಒಮ್ಮೆಗೇ ಚಪ್ಪಾಳೆ ತಟ್ಟುತ್ತಿರುತ್ತಾರೆ. ಶತ್ರುವೇ ಬಂದರೂ ಅವನೂ ಮೊದಲು ನಿಂತು ಚಪ್ಪಾಳೆ ತಟ್ಟಿಯೇ ಒಳಗೆ ಹೋಗಬೇಕು, ಅಂಥ ಸಾಲು.

ಹವಾಲ್ದಾರರು ಮೆಟ್ಟಿಲುಗಳನ್ನು ಕೆಳಗಿಂದ ಮೇಲಕ್ಕೆ ಒಮ್ಮೆ ನೋಡಿ, "ನಾ ಇಲ್ಲೇ ಕುಂದರ್ತೀನ್ರಿ. ಮೊಣಕಾಲು ಕೇಳಂಗಿಲ್ಲ," ಎಂದರು. ಹುಲ್ಲುಹಾಸಿನ ಪಕ್ಕ ಮರದ ನೆರಳಿನ ಕಲ್ಲಿನ ಮೇಲೆ ಕೂತರು. ಹೆಂಡತಿ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ, ಗಂಡನ ಮುಖ ನೋಡದೆ ನಮ್ಮ ಜತೆ ಹೊರಟರು. ಎಪ್ಪತ್ತರ ಹತ್ತಿರದ ಆ ತಾಯಿ ಹತ್ತುವ ವೇಗ ನೋಡಿ ನನಗೆ ಉಬ್ಬಸ ಬಂತು. ನಡುನಡುವೆ ನಿಂತು ಹಿಂದೆ ತಿರುಗಿ ನೋಡುವರು, "ಅಬಾಬಾ, ಎಷ್ಟು ದೂರ ಕಾಣ್ತೈತ್ರಿ!" ಎನ್ನುವರು, ಮತ್ತೆ ಹತ್ತುವರು.

ತುದಿಯಲ್ಲಿ, ಅರಸರ ದರ್ಬಾರಿನ ಮಂಟಪವಾದ ಬಾರಾದರಿಯ ಮುಂದೆ, ನಾನು ನನ್ನ ಮುಖ್ಯ ಭಾಷಣ ಶುರುಮಾಡಿದೆ. ದಿಲ್ಲಿಯ ಬಾದಶಹ ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದು, ತೋಪುಗಳಿಂದಲೂ ಸುರಂಗಗಳಿಂದಲೂ ಆಗದ ಕೆಲಸ ಕೊನೆಗೆ ಒಳಗಿನವನೊಬ್ಬ ಬಾಗಿಲು ತೆರೆದದ್ದರಿಂದ ಆದದ್ದು. ಈ ಭಾಗಕ್ಕೆ ಬಂದಾಗ ನಾನು ದನಿ ತಗ್ಗಿಸುತ್ತೇನೆ. ಶಾಲೆಯಲ್ಲೂ ಹಾಗೆಯೇ ಮಾಡುತ್ತಿದ್ದೆ. ಇನ್ನೇನು ಬಾಗಿಲು ತೆರೆಯಬೇಕು, ಅಷ್ಟರಲ್ಲಿ ತೊಗರಿ ವ್ಯಾಪಾರಿಗಳು ಫೋನು ಕೆಳಗಿಳಿಸಿ ಕೇಳಿದರು:

"ಅಕ್ಕಾರ, ಆ ಹವಾಲ್ದಾರ್ ಅಜ್ಜಿ ಎಲ್ರಿ?"

ನೋಡಿದರೆ ಇಲ್ಲ. ಬಂಡೆಗೆ ಒರಗಿದ ಗುಡಿಯ ಮುಂದೆ ಕೈಮುಗಿದು ನಿಂತಿದ್ದನ್ನು ಕಂಡವರಿದ್ದರು, ಆಮೇಲೆ ಕಂಡವರಿಲ್ಲ. ಗುಡಿಯ ಹಿಂದೆ, ಬಾರಾದರಿಯ ಮೇಲ್ಮಹಡಿ, ಸೆಲ್ಫಿಯವರ ಗುಂಪು, ಎಲ್ಲ ಕಡೆ ಹುಡುಕಿದೆವು. ಅವರ ಫೋನು ಗಂಡನ ಜೇಬಿನಲ್ಲಿತ್ತು. ಅದಕ್ಕೇ ಫೋನು ಮಾಡಿದೆ.

"ಹವಾಲ್ದಾರ್ರ, ನಿಮ್ಮ ಮನಿಯವರು ಕೆಳಗ ಬಂದಾರೇನ್ರಿ?"

ಹಿನ್ನೆಲೆಯಲ್ಲಿ ಚಪ್ಪಾಳೆಗಳ ಸದ್ದಷ್ಟೇ.

"ಅಕಿ ನಿಮ್ಮ ಕೂಡ ಇಲ್ಲ?" ಎಂದರು. ನಾನು ಉತ್ತರ ಕೊಡುವ ಮುಂಚೆ ಫೋನು ಕಟ್ಟಾಯಿತು.

ಗೋಲ್ಕೊಂಡಕ್ಕೆ ಹತ್ತುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು. ವ್ಯಾಪಾರಿಗಳನ್ನು ಇಳಿಯುವ ದಾರಿಯ ಕಡೆ ಕಳಿಸಿ, ನಾನು ಮೇಲೆಯೇ ನಿಂತು ಗೋಡೆಯ ಅಂಚಿನಿಂದ ಬಗ್ಗಿ ನೋಡಿದೆ. ನನ್ನ ಗೈಡ್ ಜೀವನ ಇಷ್ಟು ಬೇಗ ಮುಗಿಯಿತಲ್ಲ ಎಂದುಕೊಳ್ಳುತ್ತಿದ್ದಾಗ ಕೆಳಗೆ, ಹತ್ತುವ ಮೆಟ್ಟಿಲುಗಳ ಮೇಲೆ, ಒಂದು ಬಿಳಿ ಅಂಗಿ ಕಂಡಿತು. ಅದು ನಡೆಯುತ್ತಿರಲಿಲ್ಲ, ಓಡುತ್ತಿತ್ತು. ಐಸ್‌ಕ್ರೀಮ್ ಹಿಡಿದ ಕಾಲೇಜು ಹುಡುಗಿಯರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ಮೊಣಕಾಲು ಕೇಳುವುದಿಲ್ಲ ಎಂದು ಹೇಳಿದ ಮನುಷ್ಯ, ಮೊಣಕಾಲನ್ನು ಕೇಳದೆಯೇ ಹತ್ತುತ್ತಿದ್ದರು.

ಹತ್ತುತ್ತ ಕೂಗುತ್ತಲೂ ಇದ್ದರು. ಇಲ್ಲಿ ಒಂದು ತೊಡಕಿತ್ತು. ನಮ್ಮ ಕಡೆಯ ಆ ತಲೆಮಾರಿನ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮನೆಯೊಳಗೆ ಅದರಿಂದ ಏನೂ ಬಾಧಕವಿಲ್ಲ, ಕರೆಸಿಕೊಳ್ಳುವವರು ಒಬ್ಬರೇ. ಕೋಟೆಯಲ್ಲಿ ಹಾಗಲ್ಲ.

"ಏಯ್! ಕೇಳ್ತೇನ! ಎಲ್ಲಿದ್ದೀ!" ಎಂದು ಹವಾಲ್ದಾರರು ಕೂಗಿದರು. ಮೆಟ್ಟಿಲುಗಳ ಮೇಲಿದ್ದ ಹೆಂಡಂದಿರೆಲ್ಲ ತಿರುಗಿ ನೋಡಿದರು. ಕನ್ನಡ ಬಾರದವರೂ ನೋಡಿದರು. ಆ ದನಿಗೆ ಭಾಷೆ ಬೇಕಿರಲಿಲ್ಲ. ಮತ್ತೆ ಕೂಗಿದರು, ಮತ್ತೆ ಎಲ್ಲರೂ ತಿರುಗಿದರು, ಅವರ ಹೆಂಡತಿಯೊಬ್ಬರನ್ನು ಬಿಟ್ಟು.

ತುದಿಗೆ ಬಂದಾಗ ಅವರ ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಒಂದೇ ಮಾತು ಹೊರಟಿತು: "ಎಲ್ಲಿ?"

ಅಷ್ಟರಲ್ಲಿ ವ್ಯಾಪಾರಿಗಳ ಫೋನು ಬಂತು. "ಸಿಕ್ಕಾರ್ರಿ! ಕೆಳಗ ಗ್ವಾಡಿ ಕಟ್ಟಾಕತ್ತಾರಲ್ಲ, ಅಲ್ಲಿ ಕುಂತಾರ. ರೊಟ್ಟಿ ತಿನ್ನಾಕತ್ತಾರ!" ದನಿ ಎಷ್ಟು ದೊಡ್ಡದಿತ್ತೆಂದರೆ ನಾನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ಹವಾಲ್ದಾರರು ಗೋಡೆಯ ಅಂಚನ್ನು ಕೈಯಿಂದ ಹುಡುಕಿಕೊಂಡು ಮೆಲ್ಲಗೆ ಕೂತುಬಿಟ್ಟರು. ನೀರು ಕೊಡಹೋದೆ, ಬೇಡವೆಂದು ತಲೆಯಾಡಿಸಿದರು.

"ನೀವು ಹೋಗ್ರಿ. ನಾ ಒಂದೀಟು ಕುಂತು ಬರ್ತೀನಿ."

ಬಾದಶಹನಿಗೆ ಅಷ್ಟು ದೊಡ್ಡ ಸೈನ್ಯದೊಂದಿಗೆ ತಿಂಗಳುಗಟ್ಟಲೆ ಹಿಡಿದ ಕೋಟೆಯನ್ನು ಈ ಮನುಷ್ಯ ಒಬ್ಬರೇ ಒಂದೇ ಉಸಿರಿನಲ್ಲಿ ಏರಿದ್ದರು. ಹಿಡಿಯಬೇಕಾದದ್ದು ಮಾತ್ರ ಕೋಟೆಯ ಬುಡದಲ್ಲಿ ರೊಟ್ಟಿ ತಿನ್ನುತ್ತ ಕೂತಿತ್ತು.

ನಾನು ಉಳಿದವರೊಂದಿಗೆ ಇಳಿದೆ. ಕೆಳಗೆ ಹಳೆಯ ಅರಮನೆಯ ಬಿದ್ದ ಗೋಡೆಯೊಂದನ್ನು ಮತ್ತೆ ಕಟ್ಟುತ್ತಿದ್ದರು. ಅರೆದ ಸುಣ್ಣದ ಗಾರೆಯ ಗುಡ್ಡೆಯ ಪಕ್ಕ, ಕೂಸಿನ ಜೋಲಿಯ ಹತ್ತಿರ ನಾಲ್ಕೈದು ಹೆಂಗಸರು ಊಟಕ್ಕೆ ಕೂತಿದ್ದರು, ನಡುವೆ ನಮ್ಮ ಹವಾಲ್ದಾರ್ ಅಜ್ಜಿ. ಬಟ್ಟೆಯ ಚೀಲ ಬಿಚ್ಚಿತ್ತು. ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಗುರೆಳ್ಳಿನ ಚಟ್ನಿ ಎಲ್ಲ ಹೊರಗೆ ಬಂದಿದ್ದವು. ನನ್ನನ್ನು ಕಂಡು ಅವರು ಹಿಗ್ಗಿ ಹೇಳಿದರು:

"ಅಕ್ಕಾರ, ಬರ್ರಿ, ಕುಂದರ್ರಿ! ಇವ್ರು ನಮ್ಮ ಶಹಾಪುರದ ಕಡ್ಯಾರ್ರಿ! ಮ್ಯಾಲ ನಿಂತಾಗ ಕೆಳಗಿಂದ ಕನ್ನಡಾ ಕೇಳ್ತು. ಯಾರೋ ಕೂಸಿಗೆ ಬೈಯ್ಯಾಕತ್ತಿದ್ರು, ಥೇಟ್ ನಮ್ಮವ್ವ ಬೈದಂಗ. ಇಳದು ಬಂದ್ಬಿಟ್ಟೆ."

ಶಹಾಪುರ ಅವರ ತವರು. ಕೆಲಸದ ಹೆಂಗಸರು ಯಾದಗಿರಿ ಜಿಲ್ಲೆಯಿಂದ ಬಂದು ಉಪ್ಪಲ್ ಕಡೆ ಶೆಡ್ಡುಗಳಲ್ಲಿ ಇದ್ದರು. ಕೂಲಿಗೆ ಕರೆತಂದ ಮುಕಾದಮ ಹೇಳಿದ ಕಡೆ ಹೋಗುವವರು; ಕಳೆದ ವರ್ಷ ಗಾಜಿನ ಐಟಿ ಕಟ್ಟಡ, ಈ ವರ್ಷ ಕೋಟೆ. ನಾನು ಗೈಡ್ ಎಂದು ತಿಳಿದು ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು:

"ಅಕ್ಕಾರ, ಈ ಕೋಟಿ ಯಾರು ಕೆಡವ್ಯಾರ್ರಿ?"

"ದಿಲ್ಲಿ ಬಾದಶಹ. ಭಾಳ ಹಿಂದ."

"ಚಲೋ ಮಾಡ್ಯಾನ ಬಿಡ್ರಿ. ನಮಗ ಇನ್ನೂ ಎರಡು ವರ್ಷ ಕೆಲಸ ಐತಂತ."

ಮೂವತ್ತು ವರ್ಷ ನಾನು ಮಕ್ಕಳಿಗೆ ಆ ಮುತ್ತಿಗೆಯ ಪರಿಣಾಮಗಳನ್ನು ಬರೆಸಿದ್ದೆ. ಇದೊಂದು ಯಾವ ಪಠ್ಯದಲ್ಲೂ ಇರಲಿಲ್ಲ.

ಆಮೇಲೆ ಅಜ್ಜಿಗೆ ಸುದ್ದಿ ಹೇಳಿದೆ. "ನಿಮ್ಮ ಮನಿಯವರು ನಿಮ್ಮನ್ನ ಹುಡುಕ್ಕೋಂತ ಮ್ಯಾಲ ಹೋಗ್ಯಾರ್ರಿ."

ರೊಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. "ಮ್ಯಾಲ ಅಂದ್ರ? ತುದೀತನಾ?"

"ತುದೀತನಾ. ಓಡಿ ಹತ್ಯಾರ. ಕೂಗಿಕೋಂತ."

"ಏನಂತ ಕೂಗಿದ್ರು?"

"ಏಯ್, ಕೇಳ್ತೇನ, ಅಂತ."

ಕೆಲಸದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಅದರ ಹಿಂದೆ ನಗುತ್ತಿದ್ದರೋ ಏನೋ ಕಾಣಲಿಲ್ಲ, ಕಣ್ಣಂತೂ ತುಂಬಿತ್ತು. ಕರೆದು ತರಲಿಕ್ಕೆ ಯಾರನ್ನಾದರೂ ಕಳಿಸುತ್ತೇನೆ ಎಂದು ನಾನೆದ್ದರೆ, ಕೈ ಹಿಡಿದು ಕೂರಿಸಿದರು.

"ಬ್ಯಾಡ್ರಿ, ಕರೀಬ್ಯಾಡ್ರಿ. ಹೆಂಗೂ ಹತ್ಯಾರ. ನೋಡಿ ಬರ್ಲಿ."

ಹವಾಲ್ದಾರರು ಬರುವ ಲಕ್ಷಣ ಕಾಣಲಿಲ್ಲ. ಬಸ್ಸಿನ ಡ್ರೈವರು ಎರಡು ಸಲ ಫೋನು ಮಾಡಿದ. ಗೋಡೆಯ ನೆರಳು ನಮ್ಮನ್ನು ದಾಟಿ ಹುಲ್ಲಿನ ಮೇಲೆ ಹೋಯಿತು. ಕೊನೆಗೆ ಅವರು ಇಳಿಯುವ ದಾರಿಯಿಂದ, ಒಂದೊಂದೇ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತ ಬಂದರು. ಹೆಂಡತಿಯ ಮುಂದೆ ಬಂದು ನಿಂತರು. ಬೈಯುತ್ತಾರೆ ಎಂದು ನಾವೆಲ್ಲ ಕಾದೆವು. ವ್ಯಾಪಾರಿಗಳು ಆಗಲೇ ಫೋನು ಎತ್ತಿ ಹಿಡಿದಿದ್ದರು.

"ನೀರು ಐತೇನು?" ಎಂದರು ಹವಾಲ್ದಾರರು.

ಅಜ್ಜಿ ಬಾಟಲಿ ಕೊಟ್ಟರು. ಅವರು ಗಟಗಟ ಕುಡಿದರು.

"ಮ್ಯಾಲ ಏನೇನ್ ನೋಡಿದ್ರಿ?" ಅಜ್ಜಿ ಕೇಳಿದರು.

"ನಿನ್ನ ಹುಡುಕಾಕತ್ತಿದ್ದೆ. ಏನೂ ನೋಡ್ಲಿಲ್ಲ."

ಸುದ್ದಿ ಸಿಕ್ಕ ಮೇಲೂ ಅವರು ಅಲ್ಲಿ ಅಷ್ಟು ಹೊತ್ತು ಕೂತಿದ್ದು ನನಗೆ ಗೊತ್ತಿತ್ತು. ಅಜ್ಜಿಗೂ ಈಗ ಗೊತ್ತಿತ್ತು. ಅಜ್ಜಿ ಒಂದು ಹೋಳಿಗೆ ಎತ್ತಿ ಅವರ ಕೈಗಿಟ್ಟರು, ಅವರು ನಿಂತೇ ತಿಂದರು.

ಇದೆಲ್ಲದರಿಂದ ನಮ್ಮ ಸೀನರಿ ಕೆಟ್ಟಿತು. ಗಂಡಿಪೇಟೆ ಮುಟ್ಟುವ ಹೊತ್ತಿಗೆ ಸೂರ್ಯ ನಮಗೋಸ್ಕರ ಕಾಯದೆ ಮುಳುಗಿದ್ದ. ಗೇಟು ಮುಚ್ಚಿತ್ತು. ಗೇಟಿನ ಹೊರಗೆ ಎಲ್ಲರೂ ಸಾಲಾಗಿ ನಿಂತು ಕತ್ತಲಿನ ಕಡೆ ನೋಡಿದರು. ತೊಗರಿ ವ್ಯಾಪಾರಿಗಳು ಮೊಬೈಲಿನ ಟಾರ್ಚ್ ಹಚ್ಚಿ ಕೆರೆಯ ಕಡೆ ಬಿಟ್ಟರು. ಒಂದು ಬೇಲಿಗಿಡ ಕಾಣಿಸಿತು.

"ಅಕ್ಕಾರ, ಸೀನರಿ ಎಲ್ರಿ?"

"ಇದಾ ರೀ," ಎಂದು ನಾನು ಗಾಳಿ ಬರುವ ಕಡೆ ಕೈ ತೋರಿಸಿದೆ. ಕೆರೆಯ ಬಗ್ಗೆ ಸಿದ್ಧಮಾಡಿಕೊಂಡಿದ್ದ ಮಾತುಗಳನ್ನೂ ಹೇಳಿಬಿಟ್ಟೆ. ಗೋಡೆಯಾಚೆಯದನ್ನು ವರ್ಣಿಸಿ ಅಭ್ಯಾಸವಾಗಿದ್ದವಳಿಗೆ ಕತ್ತಲಾಚೆಯದು ಕಷ್ಟವಾಗಲಿಲ್ಲ.

ಮರುದಿನ ಮಾಲೀಕರು ಬೈಯುತ್ತಾರೆಂದು ಹೆದರಿಕೊಂಡೇ ಕೋಠಿಗೆ ಹೋದೆ. ಅವರು ಕುಣಿಯುವುದೊಂದು ಬಾಕಿ ಇತ್ತು. ವ್ಯಾಪಾರಿಗಳು ತಮ್ಮ ವಿಡಿಯೋವನ್ನು, ಬಿಳಿ ಅಂಗಿಯ ಹವಾಲ್ದಾರರು ಬೆವರಿನಲ್ಲಿ ತೊಯ್ದು ಇಳಿದು ಬರುವುದನ್ನು, "ಒಬ್ಬಂಟಿಯಾಗಿ ಕೋಟೆ ಗೆದ್ದ ನಮ್ಮ ಸೈನಿಕ" ಎಂದು ಬರೆದು ಎಲ್ಲ ಕಡೆ ಹಂಚಿದ್ದರು. ಕಲಬುರಗಿಯಿಂದ, ಬೀದರಿನಿಂದ ಫೋನುಗಳು ಬರುತ್ತಿದ್ದವು. ಎಲ್ಲರದೂ ಒಂದೇ ಪ್ರಶ್ನೆ, ಆ ಫೌಜಿ ಪ್ರತಿ ವಾರವೂ ಇರುತ್ತಾರೆಯೇ ಎಂದು. ಅಂಥವರೊಬ್ಬರನ್ನು ಖಾಯಂ ಗೊತ್ತುಮಾಡಿಕೊಡಿ ಎಂದು ಮಾಲೀಕರು ನನ್ನ ಹಿಂದೆ ಬಿದ್ದರು. ಹತ್ತಬೇಕು, ಕೂಗಬೇಕು, ಇಳಿಯಬೇಕು, ಅಷ್ಟೇ ಕೆಲಸ. ನಾನು ಒಲ್ಲೆನೆಂದೆ. ಮನೆಯಲ್ಲಿ ಈ ಮಾತು ಹೇಳಿದಾಗ ಗಂಡ ಪೇಪರು ಮಡಚಿಟ್ಟು, "ನನ್ನ ಬಿಳೀ ಯೂನಿಫಾರ್ಮ್ ಟ್ರಂಕಿನಾಗ ಐತಿ. ಸ್ವಲ್ಪ ಬಿಗಿ ಆಗಬಹುದು," ಅಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಅಡುಗೆಮನೆಗೆ ಹೋದೆ.

ಪ್ರವಾಸ ಈಗಲೂ ನಡೆದಿದೆ, ಸ್ವಲ್ಪ ಬದಲಾಗಿ. ದಂಡನಾಯಕನ ದಿಬ್ಬ ಬಿಟ್ಟುಹೋಯಿತು. ಆ ಹೊತ್ತಿನಲ್ಲಿ ಮುತ್ತಿನ ಅಂಗಡಿಗೆ ಕರೆದೊಯ್ಯುತ್ತೇವೆ. ದಂಡಿನ ಗೋಡೆಯ ಜಾಗಕ್ಕೆ ಬಿರ್ಯಾನಿ ಬಂದಿದೆ, ಕನ್ನಡದ ಬಸ್ಸಿಗೆ ಶಾಕಾಹಾರಿ ಬಿರ್ಯಾನಿ. 'ಫೌಜೂ ಸೀನರಿಯೂ' ಎಂಬ ಹೆಸರು ಮಾತ್ರ ಅದೇ ಇದೆ.

ಆ ಅಜ್ಜಿಯ ಫೋನು ಬಂದದ್ದು ಯುಗಾದಿ ಕಳೆದ ಮೇಲೆ. ಅವತ್ತು ಬಸ್ಸಿಳಿಯುವಾಗ ನನ್ನ ನಂಬರು ತೆಗೆದುಕೊಂಡಿದ್ದರು. ಕಾಶ್ಮೀರದಿಂದ ಬಂದೆವು ಎಂದರು. ಅವರ ಊರಿನ ಕಡೆಯಿಂದ ಒಂದು ತಂಡ ಹೊರಟಿತ್ತಂತೆ. ಕೇಳಿದರೆ ಹವಾಲ್ದಾರರು ಈ ಸಲ ಅಲ್ಲೇನೈತಿ ಎನ್ನಲಿಲ್ಲವಂತೆ, ಸುಮ್ಮನೆ ಹೆಸರು ಬರೆಸಿ ಬಂದರಂತೆ.

"ಹಂಗಾದ್ರ ಕಡೀಕ ಹಿಮಾ ನೋಡಿದ್ರಿ," ಎಂದೆ.

"ಎಲ್ಲಿ ನೋಡೋದ್ರಿ! ಮ್ಯಾಲ ಹೋದಾಗ ಮಂಜು ಮುಸುಕಿಬಿಡ್ತು. ಎದುರಿಗಿನ ಮನಷಾನ ಕಾಣವಲ್ಲ. ಎಲ್ಲಾರೂ ಗಾಡ್ಯಾಗ ಹೋಗಿ ಕುಂತ್ರು, ಚಾ ಕುಡಕೋಂತ."

"ಅಯ್ಯ, ಅಷ್ಟು ದೂರ ಹೋಗಿ."

"ಇಲ್ಲ ಕೇಳ್ರಿ. ಇವ್ರು ನನ್ನ ಕೈ ಹಿಡದು ಕಟ್ಟೀಗೆ ನಿಂದ್ರಿಸಿದ್ರು. ಬೊಟ್ಟು ಮಾಡಿ ತೋರಿಸ್ಕೋಂತ ಹೇಳಾಕ ಹತ್ತಿದ್ರು. ಇಲ್ಲೊಂದು ಗುಡ್ಡ ಐತಿ, ಮುಂಜಾನಿ ಬಿಸಲು ಮೊದಲ ಇದರ ನೆತ್ತಿ ಮ್ಯಾಲ ಬೀಳ್ತೈತಿ, ಕೆಂಪಗ ಆಕ್ಕೈತಿ. ಇದರ ಹಿಂದ ಇನ್ನೊಂದು ಐತಿ, ಅದು ಮಧ್ಯಾಹ್ನದಾಗ ನೀಲಿ ಕಾಣ್ತೈತಿ. ಕೆಳಗ ಹೊಳಿ, ಚಳಿಗಾಲಕ್ಕ ಅದರ ಅಂಚಷ್ಟ ಗಾಜಾಗತೈತಿ, ನಡಬರಕ ನೀರು ಕರ್ರಗ ಹರೀತಿರ್ತೈತಿ. ಒಂದು ತಾಸು ಹೇಳಿದ್ರ್ರಿ, ಗಾಡಿ ಹಾರ್ನ್ ಹೊಡದ್ರೂ ಬಿಡಲಿಲ್ಲ."

ಖ‍ಚ್ಚರ್ ಕಾಲು ಬಿಟ್ಟು ಏನೂ ನೋಡಿಲ್ಲ ಅಂತಿದ್ದರಲ್ಲ, ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

"ಖರೇನೋ ಸುಳ್ಳೋ ಯಾರಿಗೆ ಗೊತ್ರಿ," ಎಂದು ಅಜ್ಜಿ ಫೋನಿನಲ್ಲಿ ನಕ್ಕರು. "ಆದ್ರ ಭಾಳ ಚಲೋ ಹೇಳಿದ್ರು ನೋಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ನಿಮಗಿಂತ ಚಲೋ ಹೇಳಿದ್ರು."